ನವಿಲಿಗಾಗಿ ನಿಕಾ

ನವಲಗುಂದದಲ್ಲಿ ರೈತರ ದೊಡ್ಡ ಗಲಾಟೆಯಾದ ಮರುವರ್ಷ, ಶಲವಡಿಯ ಫಾತಿಮಾಬಿ ಅರವತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಮದುವೆಯಾಗುತ್ತೇನೆ ಎಂದಳು. ಊರಿಗೆ ಊರೇ ಬಾಯಿ ತೆರೆಯಿತು. ಅಷ್ಟು ಬಾಯಿ ಒಮ್ಮೆಲೇ ತೆರೆದದ್ದಕ್ಕೆ ಆ ದಿನ ಶಲವಡಿಯಲ್ಲಿ ಒಂದು ನೊಣವೂ ಹೊರಗೆ ಉಳಿಯಲಿಲ್ಲ.

ಮದುವೆಯಾದರೆ ಆಗಲಿ, ಗಂಡು ಯಾರು? ನವಲಗುಂದದ ಬಾಬಾಸಾಬ. ಹೆಸರು ಕೇಳಿದವರು ತೆರೆದ ಬಾಯಿ ಮುಚ್ಚಿ ಮೂಗು ಹಿಡಿದುಕೊಂಡರು.

ಬಾಬಾಸಾಬ ಎಪ್ಪತ್ತು ದಾಟಿದ ವಿಧುರ. ಯಾರಿಗೂ ಕೆಟ್ಟದ್ದು ಬಗೆದವನಲ್ಲ. ಆದರೆ ಅವನನ್ನು ನೋಡಿದವರಿಗೆ ಉಂಡ ಅನ್ನ ಗಂಟಲಲ್ಲೇ ನಿಂತು, ಒಳಗೆ ಹೋಗಲೋ ಹೊರಗೆ ಬರಲೋ ಎಂದು ಕೇಳುತ್ತಿತ್ತು. ಗಲ್ಲದಲ್ಲಿ ಸದಾ ತಂಬಾಕು, ಮೂಗಿನಲ್ಲಿ ಸದಾ ನಶ್ಯ. ಅವನು ಸೀನಿದರೆ ಪಕ್ಕದ ಓಣಿಯ ಕೋಳಿ ಹೊತ್ತಲ್ಲದ ಹೊತ್ತಿನಲ್ಲಿ ತತ್ತಿ ಇಡುತ್ತಿತ್ತು. ಚಹಾ ಬಸಿಗೆ ಸುರಿದುಕೊಂಡು ಕುಡಿಯುವಾಗ ಗಡ್ಡ ಅದರಲ್ಲಿ ಮೀಯುತ್ತಿತ್ತು. ಕುಡಿದಾದ ಮೇಲೆ ಗಡ್ಡ ಹಿಂಡಿ, ಬಸಿಯಲ್ಲಿ ಬಿದ್ದದ್ದನ್ನೂ ಕುಡಿಯುತ್ತಿದ್ದ. ಹಿಮ್ಮಡಿಯ ಒಡಕು ಚರ್ಮ ಕೆರೆಯುತ್ತಿದ್ದದ್ದು ಉಳ್ಳಾಗಡ್ಡಿ ಹೆಚ್ಚುವ ಈಳಿಗೆಯಿಂದಲೇ.

"ಅಮ್ಮಾ, ನಿನಗ ಇಲ್ಲೇನ ಕಡಿಮಿ ಆಗೇತಿ?" ಮಗ ಮಾಬುಸಾಬ ಕೇಳಿದ. "ಹೊಲ ಐತಿ, ಎಮ್ಮಿ ಐತಿ, ನಾವದೀವಿ. ಆ ಹೊಲಸ ಮುದುಕನ್ನ ಕಟಗೊಂಡು ಏನ ಮಾಡ್ತಿ?"

"ನಾ ಎಲ್ಲಿ ಮುದುಕನ್ನ ಕಟಗೊಳ್ಳಾಕತ್ತೀನೋ? ಅವರ ಅವ್ವಗ ಸೊಸಿ ಆಗಾಕತ್ತೀನಿ."

ಮಾಬುಸಾಬನಿಗೆ ಇದು ತಿಳಿಯಲಿಲ್ಲ. ತಿಳಿಯಬೇಕಾದರೆ ಅವನು ನವಲಗುಂದದ ಜಮಖಾನೆ ನೇಯುವ ಮನೆಯಲ್ಲಿ ಹೆಣ್ಣಾಗಿ ಹುಟ್ಟಬೇಕಿತ್ತು. ಫಾತಿಮಾಬಿ ಹುಟ್ಟಿದ್ದು ಅಂಥ ಮನೆಯಲ್ಲಿ. ಅಲ್ಲಿ ಮಗ್ಗ ಹೆಂಗಸರದು. ಆದರೆ ತಾಯಿ ಮಗಳಿಗೆ ಕಲಿಸುವುದಿಲ್ಲ. ಮಗಳು ನಾಳೆ ಇನ್ನೊಂದು ಊರಿಗೆ ಹೋಗುವವಳು, ಅವಳ ಬೆರಳಿನ ಜೊತೆ ಕಸುಬೂ ಊರು ಬಿಡುತ್ತದೆ. ಕಲಿಸುವುದೇನಿದ್ದರೂ ಸೊಸೆಗೆ. ತಾಯಿ ಮಗ್ಗಕ್ಕೆ ಕೂತಾಗ ಫಾತಿಮಾಬಿಯನ್ನು ಹೊರಗೆ ಹಾಕಿ ಅಗಳಿ ಜಡಿಯುತ್ತಿದ್ದಳು. ಒಳಗೆ ಎಳೆ ಬಡಿಯುವ ಕಬ್ಬಿಣದ ಹಣಿಗೆ, ಅದಕ್ಕೆ ಪಂಜಾ ಎನ್ನುತ್ತಾರೆ, ಥಪ್ ಥಪ್ ಎನ್ನುತ್ತಿತ್ತು. ಬಾಗಿಲ ಸಂದಿಯಿಂದ ಹುಡುಗಿ ನೋಡುತ್ತಿದ್ದಳು: ಬರೀ ದಾರದೊಳಗಿಂದ ನವಿಲೊಂದು ಕಾಲು ಊರಿ, ಮೈ ಎತ್ತಿ, ಕೊನೆಗೆ ಕತ್ತು ಚಾಚಿ ನಿಲ್ಲುತ್ತಿತ್ತು.

ಮದುವೆಯಾಗಿ ಶಲವಡಿಗೆ ಹೋದಳು. ಮಕ್ಕಳನ್ನು ಹೆತ್ತಳು, ಕಳೆ ಕಿತ್ತಳು, ಗಂಡನನ್ನು ಮಣ್ಣು ಮಾಡಿದಳು. ಅಷ್ಟೂ ವರ್ಷ ರೊಟ್ಟಿ ಬಡಿಯುವಾಗ ಅವಳ ಕಿವಿಗೆ ಕೇಳುತ್ತಿದ್ದದ್ದು ಪಂಜಾದ ಸದ್ದೇ. ಒಮ್ಮೆ ಹಸಿ ರೊಟ್ಟಿಯ ಮೇಲೆ ಬೆರಳಿನಿಂದ ನವಿಲು ಮೂಡಿಸಿದ್ದಳು. ಗಂಡ ಅದನ್ನು ಕೋಳಿ ಎಂದುಕೊಂಡು ಎರಡನೇ ರೊಟ್ಟಿಯ ಮೇಲೂ ಕೋಳಿ ಬೇಕೆಂದ.

ಸಂಸಾರದ ಭಾರ ಇಳಿದ ಮೇಲೆ ಅವಳು ತವರಿಗೆ ಬಂದು ತಮ್ಮನ ಹೆಂಡತಿ ರಜಿಯಾಬಿಯ ಮುಂದೆ ಕೂತಳು.

"ರಜಿಯಾ, ನನಗೂ ನವಿಲು ಕಲಸ ಬೇ. ನನ್ನ ಕೈಲೆ ಒಂದು ಜಮಖಾನಿ ಆಗಲಿ, ಸಾಕು."

"ತೋಬಾ ತೋಬಾ! ನೀವು ಈ ಮನಿ ಮಗಳ್ರಿ ಆಪಾ. ಮಗಳಿಗೆ ಹೆಂಗ ಕಲಸೂದು?"

"ಈ ವಯಸ್ಸಿನ್ಯಾಗ ಯಾವ ಗಂಡನ ಮನಿಗೆ ಒಯ್ತೀನಿ?"

"ಗೋರಿಗೆ ಹೋಗೂ ಮಟಾ ಮಗಳು ಮಗಳ ಆಗಿರ್ತಾಳ್ರಿ. ಕಲೀಬೇಕಂದ್ರ ಯಾರದರ ಮನಿಗೆ ಸೊಸಿ ಆಗಿ ಬರ್ರಿ!" ಎಂದು ರಜಿಯಾಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಫಾತಿಮಾಬಿ ನಗಲಿಲ್ಲ. "ನನ್ನ ವಯಸ್ಸಿಗೆ ತಕ್ಕ ಗಂಡಿರಬೇಕು, ಅವನ ಅವ್ವ ಇನ್ನೂ ಮಗ್ಗಕ್ಕ ಕುಂಡ್ರತಿರಬೇಕು. ಅಂಥಾ ಮನಿ ಯಾವದೈತಿ ಹೇಳು."

ಅಂಥದ್ದು ಇದ್ದದ್ದು ಒಂದೇ. ಬಾಬಾಸಾಬನ ತಾಯಿ ಜಮಾಲಬಿ ತೊಂಬತ್ತು ದಾಟಿದರೂ ಮಗ್ಗ ಬಿಟ್ಟಿರಲಿಲ್ಲ. ಅವಳು ನೇಯ್ದ ನವಿಲನ್ನು ಹಿಡಿಯಲು ಹೋಗಿ ಆ ಓಣಿಯ ಬೆಕ್ಕುಗಳೆಲ್ಲ ಉಗುರು ಮುರಿದುಕೊಂಡಿದ್ದವು. ಮೊದಲ ಸೊಸೆ ಮಕ್ಕಳಿಲ್ಲದೆ ತೀರಿಹೋಗಿದ್ದಳು. ಕಲಿಸಲು ಸೊಸೆಯಿಲ್ಲದೆ ಮುದುಕಿ ಕಸುಬನ್ನು ಗೋರಿಗೆ ಒಯ್ಯಲು ತಯಾರಾಗಿದ್ದಳು.

ನಿಕಾ ಆಯಿತು. ಒಪ್ಪಿಗೆ ಕೇಳಲು ಬಂದವರಿಗೆ ಫಾತಿಮಾಬಿ ಒಳಕೋಣೆಯಲ್ಲಿ ಗೋಡೆಗೆ ನಿಂತ ಮಗ್ಗವನ್ನು ನೋಡುತ್ತಲೇ "ಖಬೂಲ್" ಎಂದಳು.

ಮರುದಿನ ಮಗ್ಗದ ಮುಂದೆ ಕೂರಲು ಹೋದರೆ ಜಮಾಲಬಿ ಪಂಜಾವನ್ನು ಸೆರಗಿನಲ್ಲಿ ಅಡಗಿಸಿದಳು.

"ಮೊದ್ಲ ಸೊಸಿ ಆಗು."

"ಆಗೀನಲ್ರಿ ಅಮ್ಮಾ?"

"ಖಾಜಿ ಮುಂದ ಆಗೀದಿ, ನನ್ನ ಮುಂದ ಆಗಿಲ್ಲ. ನನಗ ಕಣ್ಣಿಲ್ಲಂತ ತಿಳದೀಯೇನು? ನನ್ನ ಮಗಾ ಬಾಜು ಬಂದ್ರ ಮೂಗು ಮುಚಗೋತಿ. ಅಂವಾ ಉಂಡ ತಾಟು ಕಟಗಿ ತುದೀಲೆ ದೂಡ್ತಿ. ಹೇಸಗೊಂಡಾಕಿ ಇವತ್ತಿಲ್ಲ ನಾಳೆ ಶಲವಡಿ ಬಸ್ಸು ಹತ್ತತಾಳ, ನಮ್ಮ ನವಿಲು ಕಟಗೊಂಡು."

"ಹಂಗಾರ ಏನ ಮಾಡ್ಲ್ರಿ?"

"ನನ್ನ ಕಣ್ಣ ಮುಂದ ಇಬ್ಬರೂ ಒಂದ ತಾಟಿನ್ಯಾಗ ಉಣ್ರಿ."

ಹೊಸ ಮದುವೆಯ ಹುಡುಗ ಹುಡುಗಿ ನಾಚಿಕೊಂಡು ಮಾಡುವ ಕೆಲಸ. ಬಾಬಾಸಾಬ ಹುಡುಗನಂತೆಯೇ ಕುಣಿಯುತ್ತ ಬಂದು ಕೂತ. ಬಾಯಿಗೆ ಬೆರಳು ಹಾಕಿ ತಂಬಾಕಿನ ಉಂಡೆ ತೆಗೆದು ತಾಟಿನ ಅಂಚಿಗೆ ಅಂಟಿಸಿದ.

"ಆಮ್ಯಾಲೆ ಬೇಕಾಗ್ತೈತಿ," ಎಂದ.

ಅನ್ನಕ್ಕೆ ಮಟನ್ ಸಾರು ಸುರಿದು ಮುಂಗೈ ಮುಳುಗುವ ತನಕ ಕಲಸಿದ. ಬೆರಳ ಸಂದಿಯಿಂದ ಅನ್ನ ಹುಳದಂತೆ ಹೊರಬಂತು. ನಡುವೆ ಒಂದು ಸೀನು ಬಂತು, ಮುಖ ಆ ಕಡೆ ತಿರುಗಿಸಬೇಕೆನ್ನುವಷ್ಟರಲ್ಲಿ ಕೆಲಸ ಮುಗಿದಿತ್ತು. ಫಾತಿಮಾಬಿಯ ಮೈಮೇಲೆ ಮುಳ್ಳೆದ್ದವು. ಒಂದು ತುತ್ತು ನುಂಗಿದಳು. ಅದು ಇಳಿಯಲೊಲ್ಲದೆ ಎದೆಯಲ್ಲಿ ಕೂತು ಹಟ ಮಾಡಿತು.

ಆಗ ಬಾಬಾಸಾಬ ಮಜ್ಜೆ ತುಂಬಿದ ನಲ್ಲಿ ಎಲುಬೊಂದನ್ನು ಆರಿಸಿ ಬಾಯಿಗಿಟ್ಟು ಹೀರಿದ. ಸೊರ್ ಎಂಬ ಸದ್ದು ಅಣ್ಣಿಗೇರಿಗೆ ಕೇಳಿರಬೇಕು. ಅರ್ಧ ಹೀರಿದವನು ತಟ್ಟನೆ ನಿಂತು, ಎಲುಬನ್ನು ಗಡ್ಡಕ್ಕೆ ಒರೆಸಿ ಅವಳ ಮುಂದೆ ಹಿಡಿದ.

"ತಗೋ ಫಾತಿಮಾ. ಇನ್ನೂ ಅರ್ಧಾ ಐತಿ, ಹೀರು. ಚೊಲೋದು ನಿನಗ ಬಿಟ್ಟೀನಿ."

ಎಲುಬು ಎಂಜಲಿನಿಂದ ಫಳಫಳ ಹೊಳೆಯುತ್ತಿತ್ತು. ತುದಿಗೆ ಬಿಳಿ ಕೂದಲೊಂದು ಅಂಟಿತ್ತು. ಜಮಾಲಬಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬಸ್ ಸ್ಟ್ಯಾಂಡು ದೂರವಿರಲಿಲ್ಲ, ಎದ್ದು ಹೋಗಬಹುದಿತ್ತು. ಮುದುಕನ ಭುಜದಾಚೆ ಮಗ್ಗದ ಮೇಲೆ ಬಿಳಿ ಉದ್ದೆಳೆಗಳ ಹಾಸು ಬಿಗಿದು ನಿಂತಿತ್ತು, ಅದರಲ್ಲಿನ್ನೂ ಏನೂ ಇರಲಿಲ್ಲ.

ಫಾತಿಮಾಬಿ ಕೂದಲು ಕಿತ್ತೆಸೆದು, ಕಣ್ಣು ಮುಚ್ಚಿ ಎಲುಬು ಹೀರಿದಳು. ಹುಟ್ಟಿದಾಗಿನಿಂದ ಉಂಡದ್ದೆಲ್ಲ ಎದ್ದು ಗಂಟಲಿಗೆ ನುಗ್ಗಿ ಬಂತು. ಹಲ್ಲು ಕಚ್ಚಿ ಅಷ್ಟನ್ನೂ ಒಳಗೆ ತಳ್ಳಿದಳು. ಕಣ್ಣಲ್ಲಿ ನೀರು ಬಂತು.

"ರುಚಿ ಐತಿಲ್ಲೋ?" ಬಾಬಾಸಾಬ ಕೇಳಿದ.

"ಐತ್ರಿ."

ಅವನು ಹಲ್ಲಿಲ್ಲದ ಬಾಯಿ ಅಗಲಿಸಿ ನಕ್ಕ. ಜಮಾಲಬಿ ಸೆರಗಿನಿಂದ ಪಂಜಾ ತೆಗೆದು ಸೊಸೆಯ ಮಡಿಲಿಗೆ ಹಾಕಿದಳು.

ಇನ್ನು ಹೇಸಿಗೆ ಮುಗಿಯಿತು ಎಂದುಕೊಂಡು ಫಾತಿಮಾಬಿ ಮಗ್ಗಕ್ಕೆ ಕೂತಳು. ಮುದುಕಿ ಮೊದಲು ಎಳೆಗೆ ಎಳೆ ಕೂಡಿಸುವುದನ್ನು ಕಲಿಸಬೇಕಿತ್ತು. ನೀಲಿ ದಾರ ತನ್ನ ಬಾಯೊಳಗೆ ತುರುಕಿ, ಎಲೆ ಅಡಿಕೆಯ ರಸದಲ್ಲಿ ಮೆಲುಕಾಡಿಸಿ, ಹೊರಗೆಳೆದಳು. ಅದು ಉದ್ದಕ್ಕೆ ಜೊಲ್ಲು ಸುರಿಸುತ್ತ ಬಂತು.

"ಹಿಡಿ. ಅರ್ಧಾ ನಾ ಹಸಿ ಮಾಡೀನಿ. ಉಳದದ್ದು ನೀ ಬಾಯಾಗ ಹಾಕ್ಕೊಂಡು ಹೊಸಿ."

"ನೀರು ಹಚ್ಚಿದ್ರ ನಡಿಯಂಗಿಲ್ಲೇನ್ರಿ ಅಮ್ಮಾ?"

"ಬ್ಯಾರೆ ಮನ್ಯಾಗ ನೀರು ಹಚ್ಚತಾರ. ಆರಿದ ಮ್ಯಾಲೆ ಕೂಡಿಸಿದ ಎಳಿ ಬಿಡ್ತೈತಿ. ನಮ್ಮ ಮನ್ಯಾಗ ಉಗುಳು. ಇದನ್ನ ನನ್ನ ಹೊಟ್ಯಾಗ ಹುಟ್ಟಿದ ಮಗಳಿಗೂ ಹೇಳಿಲ್ಲ."

ಫಾತಿಮಾಬಿಗೆ ಸಿಟ್ಟು ನೆತ್ತಿಗೇರಿತು. ಅಗಳಿ ಜಡಿದು ಕಾಯ್ದ ಗುಟ್ಟೆಂದರೆ ಇದು! ಜನ್ಮವಿಡೀ ಕಾದದ್ದು ಈ ಮುದುಕಿಯ ಜೊಲ್ಲಿಗೆ! ದಾರವನ್ನು ದಿಟ್ಟಿಸಿದಳು, ಮುದುಕಿಯ ನೀಲಿ ನಾಲಿಗೆಯನ್ನು ದಿಟ್ಟಿಸಿದಳು. ಎಲುಬು ಹೀರಿದವಳಿಗೆ ಎಳೆ ಎಷ್ಟರದು ಎಂದು ಬಾಯಿಗೆ ಹಾಕಿಕೊಂಡಳು. ಸುಣ್ಣ, ಬಣ್ಣ, ಹಳೆಯ ಬಾಯಿಯ ವಾಸನೆ. ತೆಗೆದು ಇನ್ನೊಂದು ಎಳೆಗೆ ಕೂಡಿಸಿ ಹೊಸೆದು ಎಳೆದಳು. ಬಿಡಲಿಲ್ಲ. ಇನ್ನೂ ಜಗ್ಗಿದಳು. ಬಿಡಲಿಲ್ಲ. ಹಾಸಿನೊಳಗೆ ತೂರಿಸಿ ಪಂಜಾ ಬಡಿದಳು. ಥಪ್.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ನವಿಲು ಕಾಲೂರಿ ಕತ್ತು ಚಾಚಿ ನಿಂತಿತ್ತು. ನೋಡಲು ಬಂದ ರಜಿಯಾಬಿ ಅದರ ಕತ್ತು ಸವರಿದಳು.

"ಯಾ ಅಲ್ಲಾ, ಎಷ್ಟ ಚಂದ ಐತ್ರಿ ಆಪಾ! ಮುದುಕನ ಹೇಸಿಗಿ ರೂಢಿ ಆತೇನ್ರಿ?"

"ಎಲ್ಲೀದು ಬೇ. ದಿನಾ ವಾಂತಿ ಬರ್ತೈತಿ."

ಹೊರಗೆ ಕಟ್ಟೆಯ ಮೇಲೆ ಬಾಬಾಸಾಬ ಗಂಟಲು ಕೆದಕಿ ಕ್ಯಾಕರಿಸಿದ. ಇಬ್ಬರೂ ಮುಖ ಕಿವುಚಿದರು.

"ಮತ್ತ ಹೆಂಗ ಇರ್ತೀರಿ?"

"ಒಂದ ನವಿಲು ಆಗೇತಿ. ಜೋಡಿ ಬ್ಯಾಡೇನು?" ಎಂದು ಫಾತಿಮಾಬಿ ಹಸಿರು ದಾರ ಬಾಯೊಳಗೆ ತುರುಕಿ ಮೆಲುಕಾಡಿಸತೊಡಗಿದಳು.

ರಜಿಯಾಬಿ ಮೆಲ್ಲಗೆ ಮೂಗು ಮುಚ್ಚಿಕೊಂಡು ಅತ್ತ ಸರಿದಳು.