ತೇಹೋನ ಬಲಗೈ

ನನ್ನ ಗಂಡ ಶೇಖರ ಶೆಟ್ಟರಿಗೆ ಹುಂಜ ಸಾಕಿ ಗೊತ್ತು, ಮಗನನ್ನು ಸಾಕಿ ಗೊತ್ತಿಲ್ಲ. ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಶಾರ್ಜಾದ ಹೋಟೆಲು ಮಾರಿ ಸಿದ್ಧಕಟ್ಟೆಗೆ ಬಂದ ಮೇಲೆ ಮನುಷ್ಯನಿಗೆ ಎರಡೇ ಹುಚ್ಚು: ಒಂದು ಹುಂಜಗಳನ್ನು ಕಾದಾಡಿಸುವ ಕೋಳಿ ಅಂಕ, ಇನ್ನೊಂದು ನಮ್ಮ ಮಗ ಶಿಶಿರನ ಬೇಸ್‌ಬಾಲ್. ಮೂಡುಬಿದಿರೆಯ ಕಾಲೇಜು ಹುಡುಗರನ್ನು ಸೇರಿಸಿ ತಂಡವನ್ನೇ ಕಟ್ಟಿದರು. ಚೆಂಡು ಎಸೆಯುವವನು ಶಿಶಿರ್. ಮತ್ತೆ ಇನ್ಯಾರು? ಹೆತ್ತವರಿಗೆ ಹೆಗ್ಗಣ ಮುದ್ದು.

ಬ್ಯಾಟು ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಆ ಚೆಂಡನ್ನು ಹಿಡಿಯುವವನಿಗೆ ಕ್ಯಾಚರ್ ಎನ್ನುತ್ತಾರೆ. ಇಲ್ಲಿ ಅಂಥವನು ಸಿಗಲಿಲ್ಲ. ಶಾರ್ಜಾದಲ್ಲಿ ನಮ್ಮ ಹೋಟೆಲಿಗೆ ಊಟಕ್ಕೆ ಬರುತ್ತಿದ್ದ ಕೊರಿಯದ ಎಂಜಿನಿಯರ್ ತನ್ನ ತಂಗಿಯ ಮಗ ತೇಹೋನನ್ನು ಕಳುಹಿಸಿದ. ಹತ್ತೊಂಬತ್ತರ ಹುಡುಗ. ಅವನ ದೇಶದ ಯಾವ ತಂಡವೂ ಅವನನ್ನು ಆರಿಸಲಿಲ್ಲವಂತೆ. ಜಪಾನಿನ ಒಂದು ಸಣ್ಣ ತಂಡ ಮಾತ್ರ, ಎಲ್ಲಾದರೂ ಒಂದು ಸೀಸನ್ ಆಡಿ ಬಾ, ಆಮೇಲೆ ನಿನ್ನನ್ನು ಪರೀಕ್ಷಿಸಿ ನೋಡುತ್ತೇವೆ ಎಂದಿತ್ತು. ಆ ಒಂದು ಪರೀಕ್ಷೆಯ ಆಸೆಗೆ ಹುಡುಗ ನಮ್ಮ ಮಹಡಿಯ ಕೋಣೆಗೆ ಬಂದು ಬಿದ್ದ.

ಮೊದಲ ದಿನ ಊಟಕ್ಕೆ ಕೂತಾಗ ಇವರು ಅವನ ಚಮಚ ಕಿತ್ತುಕೊಂಡರು. ಪಾಪ, ಅವನು ಎಡಗೈಯಿಂದ ಅನ್ನ ತೆಗೆದ. ಇವರು ಮಣಿಕಟ್ಟಿಗೆ ಚಟ್ಟನೆ ಹೊಡೆದರು.

“ಎಡಗೈ ಯಾವುದಕ್ಕೆ ಅಂತ ನಿನ್ನ ಅಮ್ಮ ಹೇಳಿಕೊಡಲಿಲ್ವಾ?”

“ಇನ್ನೊಬ್ಬರ ಮಗ ಅದು, ಕೈ ಮಾಡಬೇಡಿ,” ಎಂದೆ.

“ನನ್ನ ಮನೆಯಲ್ಲಿ ಒಂದು ಕ್ರಮ ಉಂಟು.”

ಹುಡುಗ ಎದ್ದು ನಿಂತು, ಸೊಂಟ ಬಗ್ಗಿಸಿ, ಸಾರಿ ಎಂದ. ಅವರ ಕಡೆ ಹಿರಿಯರಿಗೆ ಎದುರಾಡುವುದಿಲ್ಲವಂತೆ. ಆಮೇಲೆ ಅವನ ಎಡಗೈ ಬಟ್ಟಲಿನ ಹತ್ತಿರವೂ ಸುಳಿಯಲಿಲ್ಲ.

ಆದರೆ ಆಟದಲ್ಲಿ! ಎಡಗೈಯಲ್ಲಿ ದಪ್ಪ ಗ್ಲೌಸು, ಬರಿಯ ಬಲಗೈ ತೊಡೆಗಳ ನಡುವೆ. ಆ ಬಲಗೈಯ ಬೆರಳು ತೋರಿಸಿಯೇ ಶಿಶಿರನಿಗೆ ಹೇಗೆ ಎಸೆಯಬೇಕೆಂದು ಹೇಳುತ್ತಿದ್ದ. ಒಂದು ಬೆರಳಾದರೆ ವೇಗ, ಎರಡಾದರೆ ತಿರುವು. ಒಂದು ಚೆಂಡೂ ಅವನ ಕೈಯಿಂದ ಜಾರಿದ್ದನ್ನು ನಾನು ಕಾಣಲಿಲ್ಲ. ನಮ್ಮ ತಂಡ ಗೆಲ್ಲುತ್ತಾ ಹೋಯಿತು, ಜನ ಕೊರಿಯದ ಹುಡುಗನನ್ನು ಹೊಗಳುತ್ತಾ ಹೋದರು. ಶಿಶಿರನ ಹೊಟ್ಟೆಗೆ ಬೆಂಕಿ ಬಿತ್ತು.

“ಅವನು ಬೆರಳು ತೋರಿಸುವುದು, ನಾನು ಎಸೆಯುವುದು! ನಾನೇನು ಅವನ ಆಳಾ ಅಮ್ಮ?”

“ಗೆಲ್ಲುವುದು ನೀನೇ ಅಲ್ವಾ ಮಗ?” ಎಂದರೆ ಬಾಗಿಲು ಧಡಾರನೆ ಹಾಕಿಕೊಂಡ.

ಫೈನಲ್ ಉಜಿರೆಯವರ ಜೊತೆ. ನಾನು ಮಜ್ಜಿಗೆ ತೆಗೆದುಕೊಂಡು ಹೋಗಿದ್ದೆ. ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ತೇಹೋ ಎರಡು ಬೆರಳು ತೋರಿಸಿದ. ಶಿಶಿರ್ ಆಗಲಿ ಎಂದು ತಲೆಯಾಡಿಸಿದ. ತಲೆಯಾಡಿಸಿ, ಮೈಯ ಬಲವನ್ನೆಲ್ಲ ಹಾಕಿ ನೇರಕ್ಕೆ, ಗ್ಲೌಸಿಲ್ಲದ ಕಡೆಗೆ ಎಸೆದ. ಒಣ ಸೌದೆ ಮುರಿದ ಹಾಗೆ ಸದ್ದು ನನಗೇ ಕೇಳಿತು.

“ಕೈ ಜಾರಿತು,” ಎಂದ ನನ್ನ ಮಗ. ನನ್ನ ಕಡೆ ನೋಡಲಿಲ್ಲ.

ತೋರುಬೆರಳು ಒಡೆದು ಎಲುಬು ಕಾಣುತ್ತಿತ್ತು. ಇವರು ಕಾರಿನಿಂದ ಡಬ್ಬಿ ತಂದರು. ಅಂಕದಲ್ಲಿ ಗಾಯವಾದ ಹುಂಜಕ್ಕೆ ಹೊಲಿಗೆ ಹಾಕುವ ಸೂಜಿ, ನೂಲು, ಅರಸಿನ ಎಲ್ಲ ಅದರಲ್ಲೇ ಇರುವುದು.

“ಅಯ್ಯೋ, ಆಸ್ಪತ್ರೆಗೆ ಹೋಗುವ!” ಎಂದು ಕಿರುಚಿದೆ.

“ನೀನು ಸುಮ್ಮನಿರು ಕುಸುಮ. ಎಷ್ಟು ಹುಂಜ ಹೊಲಿದಿದ್ದೇನೆ ನಾನು! ಹೊಲಿದ ಹುಂಜವೇ ಗೆಲ್ಲುವುದು. ಹಿಡಿಯುವುದು ಎಡಗೈಯಲ್ಲಿ ಅಲ್ವಾ, ಬಲಗೈ ಯಾಕೆ ಇವನಿಗೆ?”

ನಾಲ್ಕು ಹೊಲಿಗೆ ಹಾಕಿ, ನೂಲು ಬಿಗಿದು, ಬಾಯಲ್ಲಿ ನೀರು ತುಂಬಿಕೊಂಡು ಹುಡುಗನ ಮುಖಕ್ಕೆ ಉಫ್ ಎಂದು ಊದಿದರು. ಹುಂಜಕ್ಕೂ ಹಾಗೆಯೇ ಊದುವುದು.

“ಜಪಾನ್,” ಎಂದ ತೇಹೋ. “ಮುಂದಿನ ವಾರ.”

“ಜಪಾನ್ ಎಲ್ಲಿಗೂ ಓಡಿ ಹೋಗುವುದಿಲ್ಲ. ಕೂತುಕೋ.”

ಮತ್ತೆ ಕುಕ್ಕರಗಾಲಿನಲ್ಲಿ ಕೂತ. ಕೊನೆಗೆ ಉಜಿರೆಯವನೊಬ್ಬ ಓಡಿದಾಗ ಅದೇ ಕೈಯಿಂದ ಚೆಂಡನ್ನು ದೂರದಲ್ಲಿದ್ದ ನಮ್ಮ ಹುಡುಗನಿಗೆ ಎಸೆದ. ಓಡಿದವನು ಔಟ್, ಕಪ್ ನಮಗೆ. ಹೊಲಿಗೆಯೆಲ್ಲ ಕಿತ್ತು ಬಂದಿತ್ತು, ಬೆರಳು ಅಡ್ಡಕ್ಕೆ ತಿರುಗಿತ್ತು. ಅದರ ಕಡೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಕರವಸ್ತ್ರ ಸುತ್ತಿದವಳು ನಾನು.

ಸಂಜೆ ನಮ್ಮ ಅಂಗಳದಲ್ಲಿ ಇಡೀ ತಂಡಕ್ಕೆ ಕೋರಿರೊಟ್ಟಿ, ಗರಿಗರಿ ಅಕ್ಕಿರೊಟ್ಟಿಗೆ ಕೋಳಿ ಸಾರು. ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುತ್ತೇನೆಂದು ಕಾರಿನ ಕೀ ಕೇಳಿದರೆ ಇವರು ಜೇಬಿಗೆ ಹಾಕಿಕೊಂಡರು.

“ಊಟ ಆಗಲಿ. ಗೆಲ್ಲಿಸಿದವನೇ ಎದ್ದು ಹೋದರೆ ಜನ ಏನು ಹೇಳಿಯಾರು?”

ತೇಹೋ ಎಲೆಯ ಮುಂದೆ ಕೂತ. ಬಲಗೈ ಮಡಿಲಲ್ಲಿಟ್ಟುಕೊಂಡು, ಎಡಗೈಯಿಂದ ಒಂದು ಚೂರು ರೊಟ್ಟಿ ಮುರಿದ.

“ಏ! ಎಡಗೈ!” ಎಂದರು ಇವರು.

“ಕಣ್ಣು ಒಡೆದು ಹೋಗಿದೆಯಾ ನಿಮಗೆ?” ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಅರ್ಧ ಎದ್ದು, ತಲೆ ಬಗ್ಗಿಸಿ, ಸಾರಿ ಎಂದಾಗಿತ್ತು. ಕರವಸ್ತ್ರ ಬಿಚ್ಚಿದ. ಬಲಗೈಯನ್ನು ಹಬೆಯಾಡುವ ಖಾರದ ಸಾರಿಗೆ ಇಳಿಸಿದ. ಅಯ್ಯೋ ದೇವರೇ! ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ರೊಟ್ಟಿ ತುಟಿಯವರೆಗೆ ಬಂದು, ಬೆರಳಿನಿಂದ ಜಾರಿ ಎಲೆಗೆ ಬಿತ್ತು.

“ಕ್ಯಾಚ್ ಬಿಟ್ಟ ಮಾರಾಯ!”

ಅಂಗಳಕ್ಕೆ ಅಂಗಳವೇ ನಕ್ಕಿತು. ಕೂಗಿದವನು ನಾನು ಹೆತ್ತ ಮಗ.