ವೆರ್ನಾ ಹಾಕಿದ ಬೀಗ

ವೆರ್ನಾ ನಿಕಲ್ ಯಾರನ್ನು ಕಂಡರೂ, ಪಕ್ಕದ ಮನೆಯ ನನ್ನನ್ನೂ ಸೇರಿಸಿ, ಮೊದಲು ನೋಡುವುದು ಮುಖವನ್ನಲ್ಲ, ಕೈಗವಸನ್ನು. ಲುನೆನ್‌ಬರ್ಗಿನ ಇಳಿಜಾರು ಬೀದಿಗಳಲ್ಲಿ, ತೀರಿಹೋದ ಗಂಡ ಮೀನಿಗೆ ಹೋಗುವಾಗ ತೊಡುತ್ತಿದ್ದ ಕೋಟಿನೊಳಗೆ ಹುದುಗಿ, ಕಡಲಗಾಳಿಗೆ ಭುಜ ಕೊಟ್ಟು ಓರೆಯಾಗಿ ನಡೆಯುವ ಈಕೆ, ಎದುರಾದವರ ಬೆರಳುಗಳ ಮೇಲೆ ತನ್ನದೇ ವಿನ್ಯಾಸವನ್ನು ಗುರುತಿಸಿ, ಮೂಗಿನಲ್ಲೇ "ಹೂಂ" ಎಂದು ಮುಂದೆ ಸಾಗುತ್ತಾಳೆ. ಆ ಹೂಂಕಾರದಲ್ಲಿ ಅಭಿಮಾನವೆಷ್ಟು, ಆಕ್ಷೇಪವೆಷ್ಟು ಎಂಬುದು ಊರಿಗೆ ಇಂದಿಗೂ ತಿಳಿದಿಲ್ಲ.

ಕೈಗವಸಿನ ಹೆಣಿಗೆಯನ್ನು ಚೌಕಚೌಕದ ನಕ್ಷೆಯಾಗಿ ಬರೆದು ಅಂತರ್ಜಾಲದಲ್ಲಿ ಮಾರುವುದೇ ಅವಳ ಜೀವನೋಪಾಯ. ಚಳಿಗಾಲದಲ್ಲಿ ಒಲೆ ಉರಿಸಿ ಮನೆ ಬೆಚ್ಚಗಿಡುವ ಎಣ್ಣೆ ಬರುವುದೂ ಅದರಿಂದಲೇ. ಒಮ್ಮೆ ಚರ್ಚಿನ ಹೆಣಿಗೆ ಬಳಗದವರು ಅವಳನ್ನು ಊಟಕ್ಕೆ ಕರೆದರು. ಹೋದರೆ, ಅಲ್ಲಿದ್ದವರೆಲ್ಲರ ಕೈಯಲ್ಲೂ ಅವಳದೇ ಕೈಗವಸು!

"ನೋಡೇ ವೆರ್ನಾ, ನಿನಗೆ ಖುಷಿಯಾಗ್ಲಿ ಅಂತ ಎಲ್ರೂ ಹೆಣೆದ್ವಿ! ಒಬ್ಬಳು ನಕ್ಷೆ ಕೊಂಡ್ಲು, ಮಿಕ್ಕೋರು ಕಾಪಿ ಮಾಡ್ಕೊಂಡ್ವಿ," ಎಂದಳು ಬಳಗದ ಹಿರಿಯಳು, ಸಂಭ್ರಮದಿಂದ.

ಅವರು ಬಡಿಸಿದ ಬ್ಲೂಬೆರಿ ಪೈಯನ್ನು ವೆರ್ನಾ ಪೂರ್ತಿ ತಿಂದಳು. ಮನೆಗೆ ಬಂದು ನಕ್ಷೆಗಳಿಗೆಲ್ಲ ಬೀಗ ಜಡಿದಳು: ಕೊಂಡವರ ಪರದೆಯ ಮೇಲಷ್ಟೇ ತೆರೆಯಬೇಕು, ಮುದ್ರಿಸುವಂತಿಲ್ಲ, ದೊಡ್ಡದು ಮಾಡಿ ನೋಡುವಂತಿಲ್ಲ.

ಆ ಬೀಗಕ್ಕೆ ಸಿಕ್ಕಿಬಿದ್ದವಳು ಮರ್ಟಲ್ ಕೋರ್ಕಮ್, ವೆರ್ನಾಳಿಗೆ ಹೆಣಿಗೆ ಕಲಿಸಿದ ಮುದುಕಿ. ಕಣ್ಣು ಮಂಜಾಗುತ್ತಿತ್ತು, ಪೂರ್ತಿ ಹೋಗುವ ಮುನ್ನ ಮರಿಮಗಳಿಗೊಂದು ಜೋಡಿ ಹೆಣೆದುಬಿಡಬೇಕೆಂಬ ಆಸೆ. ನಕ್ಷೆಯನ್ನು ಕೊಂಡಳು, ಚೌಕಗಳು ಕಾಣಲೊಲ್ಲವು. ವೆರ್ನಾ ಬೀಗ ತೆಗೆಯಲಿಲ್ಲ, ಬದಲಿಗೆ ತಾನೇ ಹೋಗಿ ಮರ್ಟಲಳ ಅಡುಗೆಮನೆಯಲ್ಲಿ ಕೂತು ಓದಿ ಹೇಳತೊಡಗಿದಳು: "ಎರಡು ಕೆಂಪು, ಒಂದು ಬಿಳಿ, ಮತ್ತೆ ಕೆಂಪು..."

ಮರ್ಟಲ್ ಹೆಣಿಗೆ ಕಡ್ಡಿ ಕೆಳಗಿಟ್ಟಳು. "ಸಾಕು ನಿಲ್ಸೇ. ದುಡ್ಡು ಕೊಡದೋರು ಆರಾಮಾಗಿ ಹೆಣೀತಿದಾರೆ. ಕೊಟ್ಟೋಳು ನಾನು, ನೀನು ಬರೋ ತನಕ ಕೈಕಟ್ಕೊಂಡು ಕೂತಿರ್ಬೇಕಾ?"

"ಬೀಗ ತೆಗೆದ್ರೆ ನಾನು ಹೊಟ್ಟೆಗೇನು ತಿನ್ಲಿ, ಮರ್ಟಲ್ ಆಂಟಿ?"

"ಅದನ್ನ ಅವರ ಹತ್ರ ಹೇಳಿದ್ಯಾ? ಪೈ ತಿಂದು, ಬಾಯಿ ಒರೆಸ್ಕೊಂಡು ಎದ್ದು ಬಂದೆ!"

ಮರುದಿನ ವೆರ್ನಾ ಬೀಗ ತೆಗೆದಳು. ಪ್ರತಿ ನಕ್ಷೆಯ ತಲೆಯ ಮೇಲೆ ಒಂದೇ ಸಾಲು ಬರೆದಳು: 'ನನ್ನ ಮನೆ ಬೆಚ್ಚಗಿರುವುದು ಇದರಿಂದ.' ಬಳಗದ ಕೆಲವರು ನಾಚಿಕೊಂಡು ಕೊಂಡರು. ಕೆಲವರು ಅತ್ತ ಸುಳಿಯಲೇ ಇಲ್ಲ. ಮರಿಮಗಳ ಕೈಗವಸು ಮುಗಿಯಿತು. ಆದರೂ ಆ ಚಳಿಗಾಲ ವೆರ್ನಾ ಮನೆಯೊಳಗೂ ಗಂಡನ ಕೋಟು ತೊಟ್ಟೇ ಕೂತಿರುತ್ತಿದ್ದುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು.

ಕೈಯಿಂದ ಚೆಲುವನ್ನು ಹುಟ್ಟಿಸಿ ಬದುಕುವ ಇಂಥವರಿಗೆ ಕಳ್ಳರ ಭಯ ಅಷ್ಟಾಗಿ ಇರುವುದಿಲ್ಲ. ಅವರು ಅಂಜುವುದು ಮೆಚ್ಚುವವರಿಗೆ: ಬಾಯ್ತುಂಬ ಹೊಗಳಿ, ಹೊಟ್ಟೆ ತುಂಬ ಬಡಿಸಿ, ಇವರ ಮನೆಯ ಒಲೆ ಉರಿಯುತ್ತಿದೆಯೇ ಎಂದು ಕೇಳುವುದನ್ನು ಮಾತ್ರ ಮರೆತುಬಿಡುವ ಒಳ್ಳೆಯ ಜನರಿಗೆ.