ಮೆಟ್ಟಿಲ ಕೆಳಗಿನ ಗಂಟೆ

ವಾಚಕ ಮಹಾಶಯರೇ, ಯಂತ್ರಕ್ಕೆ ಆತ್ಮವಿಲ್ಲವೆಂಬ ತಮ್ಮ ನಂಬಿಕೆಯನ್ನು ಕೆಡಿಸುವುದು ಈ ಕಥೆಯ ಉದ್ದೇಶವಲ್ಲ. ಊರೂರು ಸುತ್ತುತ್ತ ಟೈಪ್‌ರೈಟರುಗಳನ್ನು ದುರಸ್ತಿ ಮಾಡುತ್ತಿದ್ದ ರಿಪೇರಿಯವನೂ ಹಾಗೆಯೇ ನಂಬಿದ್ದವನು.

ಅವನನ್ನು ಕರೆಸಿದವಳು ಒಂದು ಮನೆಯ ಕಿರಿಯ ಮಗಳು. ಮೆಟ್ಟಿಲ ಕೆಳಭಾಗವನ್ನು ಮುಚ್ಚಿದ್ದ ಹಲಗೆಗಳಿಗೆ ಗೆದ್ದಲು ಹಿಡಿದು, ಒಂದು ಕಳಚಿ ಬಿದ್ದಾಗ ಒಳಗೊಂದು ಟೈಪ್‌ರೈಟರ್ ಕಂಡಿತ್ತು. ಆಕೆಯ ಅಕ್ಕ ಬಹುಕಾಲದ ಹಿಂದೆ ಕಾಣೆಯಾಗಿದ್ದಳು. ತನ್ನ ಟೈಪ್‌ರೈಟರನ್ನು ಎತ್ತಿಕೊಂಡು ಅವಳು ಮನೆ ಬಿಟ್ಟುಹೋದುದನ್ನು ಕಣ್ಣಾರೆ ಕಂಡೆನೆಂದು ಅಣ್ಣ ಹೇಳುತ್ತ ಬಂದಿದ್ದ. ಅಕ್ಕ ಮರಳಿಯಾಳೆಂದು ತಂಗಿ ಅಂದಿನಿಂದ ಬೀದಿಬಾಗಿಲಿಗೆ ಚಿಲಕವನ್ನೇ ಹಾಕಿರಲಿಲ್ಲ.

"ಇದು ಅಕ್ಕಂದು ಹೌದೋ ಅಲ್ವೋ, ಅಷ್ಟು ಹೇಳಿ ಸಾಕು," ಎಂದಳು.

ಅಣ್ಣ ನಕ್ಕ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳು ನೀನು! ಅಪ್ಪನ ಆಫೀಸಿನ ಗುಜರಿ ಅದು. ಅಲ್ವೇನ್ರೀ?"

"ಇರಿ ಸ್ವಾಮಿ, ಅದನ್ನೇ ಕೇಳೋಣ," ಎಂದ ರಿಪೇರಿಯವನು.

ಬಿಸಿಲು ಬಿದ್ದ ಮೇಜಿನ ಮೇಲಿದ್ದರೂ ಲೋಹ ಬೆರಳು ಕಚ್ಚುವಷ್ಟು ತಣ್ಣಗಿತ್ತು. ಕಂಪನಿಯ ಹೆಸರು ಎಂದೋ ಉದುರಿಹೋಗಿತ್ತು. ಎಣ್ಣೆಬಟ್ಟೆಯಿಂದ ಧೂಳೊರೆಸಿದವನು ಪದಗಳ ನಡುವೆ ಜಾಗ ಬಿಡಿಸುವ ಉದ್ದನೆಯ ಪಟ್ಟಿಯ ಮೇಲೆ ಕೈ ತಡೆದ. ಬಹುಪಾಲು ಜನ ಅದನ್ನು ಬಲ ಹೆಬ್ಬೆರಳಿನಿಂದ ಒತ್ತುತ್ತಾರೆ. ಬಣ್ಣ ಸವೆಯುವುದು ಬಲಕ್ಕೇ. ಇಲ್ಲಿ ಬಲಭಾಗ ಹೊಸದರಂತಿತ್ತು. ಎಡಭಾಗದಲ್ಲಿ ಹೆಬ್ಬೆರಳಿನಗಲ ಸವೆದು ಹೊಳೆಯುತ್ತಿತ್ತು.

"ನಿಮ್ಮಕ್ಕ ಎಡಚೀನಾ ತಾಯಿ?"

ತಂಗಿಯ ಮುಖ ಬಿಳಿಚಿತು. "ಮನೇಲಿ ಎಡಚಿ ಅಂದ್ರೆ ಅವಳೊಬ್ಬಳೇ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ, ಯಾರೂ ಕೇಳದೆಯೇ ಅಣ್ಣ, "ನಾನೇನೂ ಮಾಡಿಲ್ಲ," ಎಂದ.

"ಮಿಷನ್ ಹೋಗಿಲ್ಲ ಅಂದ್ರೆ ಅಕ್ಕಾನೂ ಹೋಗಿಲ್ಲ," ತಂಗಿ ಮೆಲ್ಲನೆ ಅಂದಳು. "ಸಾಲು ಮುಗಿಯೋವಾಗ ಹೊಡೆಯೋ ಗಂಟೆ ಇದ್ಯಲ್ಲ, ಆ ಹಲಗೆ ಹಿಂದಿಂದ ಎಷ್ಟು ಸಲ ಕೇಳಿದೀನಿ! ಇಲಿ ಕಣೇ, ಮಲಕ್ಕೋ, ಅಂತಿದ್ದ ಇವನು."

ರಿಪೇರಿಯವನು ಯಂತ್ರವನ್ನು ಹಿಂದುಮುಂದಾಗಿ ತಿರುಗಿಸಿದ. ಗಂಟೆಯ ಜಾಗದಲ್ಲಿ ಮುರಿದ ತಿರುಪು ಮಾತ್ರವಿತ್ತು.

"ಇದರಲ್ಲಿ ಗಂಟೆಯೇ ಇಲ್ಲ ತಾಯಿ. ಎಲ್ಲೋ ಕಿತ್ತು ಬಿದ್ದಿದೆ."

ಆಗಲೇ ಮೆಟ್ಟಿಲ ಕೆಳಗೆ, ಇನ್ನೂ ಕೀಳದ ಹಲಗೆಗಳ ಹಿಂದೆ, 'ಟಿಣ್' ಎಂದಿತು.

ಅಣ್ಣ ನಿಂತಲ್ಲೇ ಕಂಬವಾದ.

"ಇಲಿ, ಅಲ್ವಾ ಅಣ್ಣ?" ಎಂದಳು ತಂಗಿ.

ರಿಪೇರಿಯವನು ತಿರುಪುಳಿ, ಎಣ್ಣೆಡಬ್ಬಿ, ಬಟ್ಟೆಗಳನ್ನು ಚೀಲಕ್ಕೆ ತುಂಬಿದ. ತಂಗಿ ಚಪ್ಪಲಿ ಮೆಟ್ಟಿ, ಯಂತ್ರವನ್ನು ಮಗುವಿನಂತೆ ಎದೆಗವಚಿಕೊಂಡಳು.

"ಪೊಲೀಸ್ ಠಾಣೆವರೆಗೂ ಜೊತೆಗೆ ಬನ್ನಿ. ಈಗ ಹೇಳಿದ್ದನ್ನ ಅಲ್ಲೂ ಹೇಳಿ."

ಹೊರಬಂದು ಅವಳು ಬೀದಿಬಾಗಿಲನ್ನೆಳೆದು, ಅಣ್ಣ ಒಳಗಿರುವಂತೆಯೇ, ಮೊದಲ ಬಾರಿಗೆ ಹೊರಗಿನಿಂದ ಚಿಲಕ ಹಾಕಿದಳು. ರಿಪೇರಿಯವನು ಚೀಲ ಹೆಗಲಿಗೇರಿಸಿ, ಹಿಂದಿರುಗಿ ನೋಡದೆ ಅವಳೊಡನೆ ಹೊರಟ.